ಸಿ.ಡಿ. ಓದದಿದ್ದರೆ ದೋಷ ಯಾರದು?

ನಿಮ್ಮ ಮನೆಯ ಬೀರುವಿನಲ್ಲಿ ಸಿ.ಡಿ.ಗಳ ಒಂದು ಕಟ್ಟು ಇದ್ದೇ ಇರಬೇಕು. ಮಗಳ ಮದುವೆಯದೊಂದು, ಮೊಮ್ಮಗನ ನಾಮಕರಣದ್ದೊಂದು, ಭಾವಗೀತೆಗಳದೊಂದು, ಗಮಕ ವಾಚನದ್ದೊಂದು, ಮೇಲೆ ಏನೂ ಬರೆಯದೆ ಬಿಟ್ಟವು ಇನ್ನಾರೇಳು. 1982ರಲ್ಲಿ ಜಪಾನಿನ ಅಂಗಡಿಗಳಲ್ಲಿ ಮೊದಲು ಮಾರಾಟಕ್ಕೆ ಬಂದ ಈ ಹೊಳೆಯುವ ಬಿಲ್ಲೆ ನಮ್ಮ ಊರುಗಳ ಮನೆಗಳನ್ನು ಸೇರಿದ್ದು ಬಹುಮಟ್ಟಿಗೆ 1990ರ ದಶಕದ ಕೊನೆಯಿಂದ ಈಚೆಗೆ. ಈಗ ಅದರ ಕಾಲ ಮುಗಿಯುತ್ತ ಬಂದಿದೆ. ಹೊಸದಾಗಿ ಬರುವ ಕಂಪ್ಯೂಟರುಗಳಲ್ಲಿ ಅನೇಕಕ್ಕೆ ಸಿ.ಡಿ. ಡ್ರೈವ್ ಕೂರಿಸುವ ಜಾಗವೇ ಇರುವುದಿಲ್ಲ. ಓದುವ ಯಂತ್ರ ಮನೆಯಿಂದ ಹೊರಟುಹೋಗುತ್ತಿದೆ, ಓದಬೇಕಾದ ಸಿ.ಡಿ. ಮಾತ್ರ ಬೀರುವಿನಲ್ಲೇ ಇದೆ. ಅದರೊಳಗಿನ ದನಿಯೋ, ಬಹಳ ಸಲ, ಇನ್ನೆಲ್ಲಿಯೂ ಇಲ್ಲ.

ಒಂದು ದಿನ ಯಾರೋ ನೆಂಟರು ಬಂದರೆಂದು ನೀವು ಮದುವೆಯ ಸಿ.ಡಿ.ಯನ್ನು ಹೊರಗೆ ತೆಗೆದು, ಒರೆಸಿ, ಹಳೆಯ ಕಂಪ್ಯೂಟರಿನ ಟ್ರೇಯ ಮೇಲಿಟ್ಟು ಒಳಗೆ ತಳ್ಳುತ್ತೀರಿ ಎಂದಿಟ್ಟುಕೊಳ್ಳೋಣ. ಡ್ರೈವು ಒಮ್ಮೆ ಗುರ್ ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ ಗುರ್ ಎನ್ನುತ್ತದೆ. ಕೊನೆಗೆ ಪರದೆಯ ಮೇಲೆ 'ಡ್ರೈವಿನಲ್ಲಿ ಡಿಸ್ಕು ಹಾಕಿ' ಎಂಬ ಅಪ್ಪಣೆ ಮೂಡುತ್ತದೆ. ಹಾಕಿದ್ದಾಗಿದೆಯಲ್ಲ! "ಸಿ.ಡಿ. ಹಾಳಾಗಿದೆ, ಬಿಡಿ" ಎಂದು ಮನೆಯ ಹುಡುಗರು ತೀರ್ಪು ಕೊಡುತ್ತಾರೆ. ಮುಂದಿನ ಹಬ್ಬದ ಗುಡಿಸು ಸಾರಿಸುವಿಕೆಯಲ್ಲಿ ಅದು ಕಸದ ಬುಟ್ಟಿಗೆ ಹೋಗುತ್ತದೆ.

ಈ ತೀರ್ಪಿನ ಮೇಲೆ ಅಪೀಲು ಹೋಗಬೇಕೆಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತು. ತರಗತಿಯಲ್ಲಿ ಓದಲು ತಡವರಿಸುವ ಹುಡುಗ ಪುಸ್ತಕದ ಅಚ್ಚು ಸರಿಯಿಲ್ಲವೆನ್ನುತ್ತಾನೆ. ಒಮ್ಮೊಮ್ಮೆ ಅಚ್ಚು ನಿಜವಾಗಿಯೂ ಸರಿಯಿರುವುದಿಲ್ಲ. ಆದರೆ ಅದೇ ಪುಟವನ್ನು ಪಕ್ಕದ ಹುಡುಗನ ಕೈಗೆ ಕೊಟ್ಟು ಓದಿಸದೆ ಯಾವ ಮೇಷ್ಟರೂ ಅದನ್ನು ನಿರ್ಧರಿಸಲಾರರು. ಒಂದೇ ಒಂದು ಡ್ರೈವಿನ ಮಾತು ಕೇಳಿ ಸಿ.ಡಿ.ಯನ್ನು ಎಸೆಯಬಾರದು.

ವೈದ್ಯರು ರೋಗದ ಮೂಲವನ್ನು ಗೊತ್ತುಮಾಡುವುದಕ್ಕೆ ನಿದಾನ ಎನ್ನುತ್ತಾರೆ. ಇಲ್ಲಿ ದಕಾರ ಅಲ್ಪಪ್ರಾಣ. ಮಹಾಪ್ರಾಣವಾದರೆ ನಿಧಾನ, ಸಂಸ್ಕೃತದಲ್ಲಿ ಅದಕ್ಕೆ ನಿಕ್ಷೇಪವೆಂಬ ಅರ್ಥ, ಕನ್ನಡದಲ್ಲಿ ಅವಸರವಿಲ್ಲದಿರುವುದೆಂಬ ಅರ್ಥ. ನಮ್ಮ ಕೆಲಸಕ್ಕೆ ಮೂರು ಅರ್ಥಗಳೂ ಬೇಕು. ಇಷ್ಟು ಪಂಡಿತಿಕೆ ಸಾಕು, ಯಂತ್ರದ ಕಡೆಗೆ ಹೋಗೋಣ.

ಸಿ.ಡಿ. ಎಂದರೆ 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪದ, ಪಾಲಿಕಾರ್ಬನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಅದರ ಬೆನ್ನಿಗೆ, ಅಂದರೆ ಹೆಸರು ಅಚ್ಚಾಗಿರುವ ಮಗ್ಗುಲಿಗೆ, ಕನ್ನಡಿಯ ಹಾಗೆ ಬೆಳಕನ್ನು ಹಿಂದಿರುಗಿಸುವ ಅತಿ ತೆಳುವಾದ ಲೋಹದ ಲೇಪ. ಅದರ ಮೇಲೆ ಒಂದು ಕೈ ವಾರ್ನಿಷು. ಲೇಪದ ಕೆಳಗೆ ಒಂದೇ ಎಳೆಯಾಗಿ ಸುರುಳಿ ಸುತ್ತಿದ ಜಾಡು ಇದೆ. ಒಂದು ಮಿಲಿಮೀಟರ್ ಅಗಲದಲ್ಲಿ ಈ ಜಾಡಿನ ಸುಮಾರು 625 ಸುತ್ತುಗಳು ಅಡಗಿವೆ. ಪೂರ್ತಿ ತುಂಬಿದ ಸಿ.ಡಿ.ಯ ಜಾಡನ್ನು ಬಿಡಿಸಿ ಉದ್ದಕ್ಕೆ ಹಾಸಿದರೆ ಐದು ಕಿಲೋಮೀಟರಿಗೂ ಮಿಕ್ಕೀತು. ಗ್ರಾಮಫೋನ್ ತಟ್ಟೆಯ ಮುಳ್ಳು ಹೊರಗಿನ ಅಂಚಿನಿಂದ ಒಳಕ್ಕೆ ನಡೆಯುತ್ತಿತ್ತು. ಇಲ್ಲಿ ನಡೆ ತಿರುಗುಮುರುಗು. ಓದುವಿಕೆ ನಡುವಿನ ತೂತಿನ ಬಳಿಯಿಂದ ಹೊರಟು ಅಂಚಿನ ಕಡೆಗೆ ಸಾಗುತ್ತದೆ. ಸಿ.ಡಿ.ಯಲ್ಲಿ ಏನೇನು ಎಲ್ಲೆಲ್ಲಿ ಇದೆಯೆಂಬ ವಿಷಯಸೂಚಿಯೂ ನಡುವಿನಲ್ಲೇ ಇದೆ. ಈ ಒಂದು ಸಂಗತಿ ತಿಳಿದಿದ್ದರೆ ಗೀರುಗಳ ಭಾಷೆ ಅರ್ಥವಾಗುತ್ತದೆ. ಹೊರ ಅಂಚಿನಲ್ಲಿ ಗೀರು ಬಿದ್ದ, ಅರ್ಧ ಮಾತ್ರ ತುಂಬಿದ ಸಿ.ಡಿ.ಗೆ ಏನೂ ಆಗಿರುವುದಿಲ್ಲ. ತೂತಿನ ಬಳಿ ಬಿದ್ದ ಸಣ್ಣ ಗೀರು ಇಡೀ ಸಿ.ಡಿ.ಯನ್ನೇ ಮೂಕವಾಗಿಸಬಲ್ಲದು.

ಓದುವುದು ಹೇಗೆ? ಡ್ರೈವಿನೊಳಗೆ ಕಡಲೆಕಾಳಿನಷ್ಟು ದೊಡ್ಡದಾದ ಒಂದು ಮಸೂರವಿದೆ. ಅದರ ಮೂಲಕ ಲೇಸರ್ ಬೆಳಕು ಕೆಳಗಿನಿಂದ ಮೇಲಕ್ಕೆ ಹಾಯ್ದು, ಪ್ಲಾಸ್ಟಿಕ್ಕನ್ನು ದಾಟಿ, ಲೇಪಕ್ಕೆ ತಾಗಿ ಹಿಂದಿರುಗುತ್ತದೆ. ಜಾಡಿನಲ್ಲಿ ಕುಳಿಯಿದ್ದರೆ ಹಿಂದಿರುಗುವ ಬೆಳಕು ಕಡಿಮೆ, ಬಯಲಿದ್ದರೆ ಹೆಚ್ಚು. ಈ ಹೆಚ್ಚು ಕಡಿಮೆಗಳೇ ಅಕ್ಷರಗಳು. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಸಿ.ಡಿ.ಯಲ್ಲಿ ನಿಜವಾದ ಕುಳಿಗಳಿವೆ. ಮನೆಯಲ್ಲೋ ಸ್ಟುಡಿಯೋದಲ್ಲೋ ರೈಟ್ ಮಾಡಿಸಿದ ಸಿ.ಡಿ.ಯಲ್ಲಾದರೆ ಒಂದು ಬಣ್ಣದ ಪದರವಿದ್ದು, ಅದನ್ನು ಲೇಸರಿನಿಂದ ಅಲ್ಲಲ್ಲಿ ಸುಟ್ಟು ಗುರುತು ಮಾಡಿರುತ್ತಾರೆ. ಈ ಬಣ್ಣಕ್ಕೆ ಬಿಸಿಲು ಶತ್ರು. ಅಂಥ ಸಿ.ಡಿ.ಯನ್ನು ಬೆಳಕಿಗೆ ಓರೆ ಹಿಡಿದು ನೋಡಿದರೆ, ಬರೆದಿರುವ ಭಾಗ ಒಂದು ಛಾಯೆಯಲ್ಲಿಯೂ ಬರೆಯದ ಭಾಗ ಇನ್ನೊಂದು ಛಾಯೆಯಲ್ಲಿಯೂ ಕಾಣುತ್ತದೆ. 'ಡಿಸ್ಕು ಖಾಲಿ' ಎಂದು ಕಂಪ್ಯೂಟರ್ ಹೇಳಿದಾಗ ಹೀಗೆ ನೋಡಿ. ಎರಡು ಛಾಯೆ ಕಂಡಿತೋ, ಖಾಲಿಯೆಂಬ ಮಾತು ಸುಳ್ಳು.

ಗೀರು ಬಿದ್ದ ಸಿ.ಡಿ.ಯೂ ಹಲವು ವೇಳೆ ಹಾಡುವುದು ಹೇಗೆಂದು ನೀವು ಕೇಳಬಹುದು. ತಾಳೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಸಂಪಾದಕರು ಹೇಗೆ ತುಂಬುತ್ತಾರೆ? ಮಾತ್ರೆ ಎಣಿಸುತ್ತಾರೆ, ಎರಡನೆಯ ಅಕ್ಷರದ ಪ್ರಾಸ ನೋಡುತ್ತಾರೆ. ಹೋದ ಅಕ್ಷರ ಇಂಥದೇ ಎಂದು ಗೊತ್ತಾಗುತ್ತದೆ. ಸಿ.ಡಿ.ಗೂ ಇಂಥದೊಂದು ಛಂದಸ್ಸನ್ನು ಕಟ್ಟಿದ್ದಾರೆ. ರೀಡ್ ಮತ್ತು ಸಾಲೊಮನ್ ಎಂಬಿಬ್ಬರು ಅಮೆರಿಕದ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಲೆಕ್ಕದ ಕ್ರಮ ಅದು. ಅದರ ಜೊತೆಗೆ ಅಕ್ಷರಗಳನ್ನು ಒಂದೇ ಕಡೆ ಇಡದೆ ದೂರ ದೂರ ಹಂಚಿ ಬರೆದಿರುತ್ತಾರೆ. ಹೀಗಾಗಿ ಜಾಡಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಅಳಿಸಿಹೋದರೂ ಯಂತ್ರ ಅದನ್ನು ತುಂಬಿಕೊಳ್ಳಬಲ್ಲದು. ಜಾಡಿಗೆ ಅಡ್ಡವಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲಿಯೂ ಒಂದಿಷ್ಟನ್ನೇ ಕದಿಯುತ್ತದೆ. ಆ ಕಳವು ದಕ್ಕುವುದಿಲ್ಲ. ಜಾಡಿನ ಗುಂಟ, ವೃತ್ತಾಕಾರವಾಗಿ ಬಿದ್ದ ಗೀರು ಸಾಲು ಸಾಲನ್ನೇ ನುಂಗಿಬಿಡುತ್ತದೆ. ಆದುದರಿಂದಲೇ ಸಿ.ಡಿ.ಯನ್ನು ಒರೆಸುವಾಗ ಗಂಧ ತೇಯುವಂತೆ ಗುಂಡಗೆ ತಿರುಗಿಸಬಾರದು. ನಡುವಿನಿಂದ ಅಂಚಿಗೆ, ಸೂರ್ಯನ ಕಿರಣಗಳ ಹಾಗೆ ನೇರವಾಗಿ ಒರೆಸಬೇಕು.

ಇನ್ನು ಪರೀಕ್ಷೆ. ಬೆಲೆಬಾಳುವ ಸಿ.ಡಿ.ಯನ್ನು ಮೊದಲು ಹಾಕಬೇಡಿ. ಕಾರ್ಖಾನೆಯಲ್ಲಿ ಅಚ್ಚಾದ ಹಾಡಿನ ಒಂದು ಸಿ.ಡಿ., ಅಂಥದೇ ಸಿನಿಮಾದ ಒಂದು ಡಿ.ವಿ.ಡಿ., ಮನೆಯಲ್ಲಿ ರೈಟ್ ಮಾಡಿದ ಬೇಡವಾದ ಯಾವುದೋ ಒಂದು, ಈ ಮೂರನ್ನು ಒಂದಾದ ಮೇಲೊಂದು ಹಾಕಿ ನೋಡಿ. ಮೂರೂ ಓಡದಿದ್ದರೆ ಸಂಶಯ ಡ್ರೈವಿನ ಮೇಲೆ. ಸಿ.ಡಿ. ಓಡಿ ಡಿ.ವಿ.ಡಿ. ಓಡದಿದ್ದರೆ, ಅಥವಾ ಅದರ ವಿಪರೀತವಾದರೆ, ಆಶ್ಚರ್ಯಪಡಬೇಡಿ. ಸಿ.ಡಿ. ಓದುವ ಬೆಳಕು 780 ನ್ಯಾನೋಮೀಟರಿನದು, ಕಣ್ಣಿಗೆ ಹೆಚ್ಚುಕಡಿಮೆ ಕಾಣದು. ಡಿ.ವಿ.ಡಿ. ಓದುವುದು 650ರ ಕೆಂಪು ಬೆಳಕು. ಒಂದೇ ಡ್ರೈವಿನಲ್ಲಿ ಎರಡು ದೀಪಗಳಿವೆ. ಒಂದು ಕುಂದಿ ಇನ್ನೊಂದು ಚೆನ್ನಾಗಿರುವುದುಂಟು. (ತೀರ ಹಳೆಯ ಡ್ರೈವುಗಳು ಬರಿಯ ಸಿ.ಡಿ.ಯನ್ನೇ ಓದುವಂಥವು; ಮುಂಭಾಗದಲ್ಲಿ ಡಿ.ವಿ.ಡಿ. ಎಂಬ ಗುರುತಿದೆಯೇ ನೋಡಿಕೊಳ್ಳಿ.) ಕಾರ್ಖಾನೆಯವು ಎರಡೂ ಓಡಿ, ಮನೆಯಲ್ಲಿ ಬರೆದದ್ದು ಮಾತ್ರ ಓಡದಿದ್ದರೆ ವಿಚಾರ ಸ್ವಲ್ಪ ಸೂಕ್ಷ್ಮ. ದೀಪ ಕುಂದಿರಬಹುದು, ಬಣ್ಣ ಮಾಸಿರಬಹುದು. ಅಳಿಸಿ ಬರೆಯಬಹುದಾದ ಆರ್.ಡಬ್ಲ್ಯು. ಜಾತಿಯ ಸಿ.ಡಿ.ಗಳಂತೂ ಬೆಳಕನ್ನು ಬಹಳ ಕಡಿಮೆ ಹಿಂದಿರುಗಿಸುತ್ತವೆ. ಬಡವಾದ ಡ್ರೈವು ಮೊದಲು ಕೈಬಿಡುವುದು ಅವನ್ನೇ. ಇಂಥಲ್ಲಿ ಇನ್ನೊಂದು ಡ್ರೈವಿನಲ್ಲಿ ಹಾಕಿ ನೋಡುವುದೊಂದೇ ದಾರಿ.

ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಹೀಗಾಯಿತು. ಅಜ್ಜಿ ಹೇಳುತ್ತಿದ್ದ ಹಸೆಯ ಹಾಡುಗಳನ್ನು ಮಗ ಸಿ.ಡಿ.ಯಲ್ಲಿ ಹಿಡಿದಿಟ್ಟಿದ್ದ. ಅಜ್ಜಿ ತೀರಿಕೊಂಡು ಹತ್ತು ವರ್ಷದ ಮೇಲೆ ಮೊಮ್ಮಗಳ ಮದುವೆಗೆ ಆ ಹಾಡು ಬೇಕಾಯಿತು. ಮನೆಯ ಕಂಪ್ಯೂಟರ್ 'ಖಾಲಿ' ಎಂದಿತು. ನೆರೆಮನೆಯ ಕಂಪ್ಯೂಟರ್ ಏನೂ ಹೇಳದೆ ಸುಮ್ಮನೆ ತಿರುಗಿಸಿತು. ಮೂರನೆಯದಾಗಿ, ಯಾರೋ ಅಟ್ಟದಿಂದ ಇಳಿಸಿ ತಂದ ಹಳೆಯ ಡ್ರೈವಿನಲ್ಲಿ ಹನ್ನೊಂದು ಹಾಡುಗಳ ಪೈಕಿ ಒಂಬತ್ತು ಚೆನ್ನಾಗಿ ಬಂದವು, ಹತ್ತನೆಯದು ಅರ್ಧಕ್ಕೆ ನಿಂತಿತು. ಎರಡನೆಯ ಡ್ರೈವಿನ ನಂತರ ಕೈಬಿಟ್ಟಿದ್ದರೆ ಆ ಒಂಬತ್ತೂ ಹೋಗುತ್ತಿದ್ದವು. ಯಾವ ಡ್ರೈವು ಯಾವ ಡಿಸ್ಕಿಗೆ ಒಲಿಯುತ್ತದೆಂದು ಮೊದಲೇ ಹೇಳುವುದು ಕಷ್ಟ. ಹೊಸದೇ ಉತ್ತಮವೆಂಬ ನಿಯಮವೇನೂ ಇಲ್ಲ.

ಸಿ.ಡಿ.ಯೇ ಕೊಳೆಯಾಗಿದ್ದರೆ ತಣ್ಣೀರಿನಲ್ಲಿ ತೊಳೆದು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಜಿಡ್ಡಿದ್ದರೆ ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಪೆಟ್ರೋಲು, ಉಗುರಿನ ಬಣ್ಣ ತೆಗೆಯುವ ದ್ರವ, ಇವು ಪ್ಲಾಸ್ಟಿಕ್ಕನ್ನೇ ತಿಂದು ಮಂಕು ಹಿಡಿಸುತ್ತವೆ; ಹತ್ತಿರ ತರಬೇಡಿ. ಹಲ್ಲುಜ್ಜುವ ಪೇಸ್ಟ್ ತಿಕ್ಕಿದರೆ ಗೀರು ಹೋಗುತ್ತದೆಂದು ಹೇಳುವವರಿದ್ದಾರೆ. ಅದು ಅರಗೊರಳಿನ ಹಾಗೆ ಮೇಲ್ಮೈಯನ್ನು ಸವೆಸುವ ಕೆಲಸ. ಕೆಲವು ಸಲ ಫಲ ಸಿಕ್ಕೀತು, ಆದರೆ ಒಂದೇ ಪ್ರತಿಯಿರುವ ಸಿ.ಡಿ.ಯ ಮೇಲೆ ಈ ಪ್ರಯೋಗ ನನಗೆ ಒಪ್ಪಿಗೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಬೆನ್ನಿನ ಮಗ್ಗುಲು. ಹೊಳೆಯುವ ಮುಖವನ್ನು ಜೋಪಾನ ಮಾಡಿ, ಹೆಸರಿರುವ ಬೆನ್ನನ್ನು ಮೇಜಿನ ಮೇಲೆ ಉಜ್ಜುವವರೇ ಹೆಚ್ಚು. ಮುಖದ ಕಡೆ ಒಂದು ಮಿಲಿಮೀಟರಿಗೂ ಮಿಕ್ಕ ಪ್ಲಾಸ್ಟಿಕ್ಕಿನ ಕವಚವಿದೆ. ಬೆನ್ನಿನ ಕಡೆ ವಾರ್ನಿಷು ಮಾತ್ರ. ಅಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೂ ಲೇಪಕ್ಕೆ ಗಾಯವಾಗುತ್ತದೆ. ಸಿ.ಡಿ.ಯನ್ನು ದೀಪಕ್ಕೆ ಅಡ್ಡ ಹಿಡಿದಾಗ ಸೂಜಿಮೊನೆಯಂಥ ತೂತುಗಳು ಕಂಡರೆ ಆ ಜಾಗದ ಬರಹ ಹೋಯಿತೆಂದೇ ಅರ್ಥ. ಡಿ.ವಿ.ಡಿ.ಯಲ್ಲಿ ಲೇಪ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುವುದರಿಂದ ಈ ಭಯ ಕಡಿಮೆ.

ಈಗ ಡ್ರೈವಿನ ರೋಗಗಳು. ಟ್ರೇ ಹೊರಬರುವುದಿಲ್ಲ ಎಂಬುದು ಸರ್ವೇಸಾಧಾರಣ. ಕಂಪ್ಯೂಟರ್ ಹಾಕಿದ ಕೂಡಲೆ, ವಿಂಡೋಸ್ ಏಳುವ ಮೊದಲೇ ಗುಂಡಿ ಒತ್ತಿ ನೋಡಿ. ಆಗ ಬಂದು ಆಮೇಲೆ ಬರದಿದ್ದರೆ ಯಾವುದೋ ತಂತ್ರಾಂಶ ಡಿಸ್ಕನ್ನು ಹಿಡಿದುಕೊಂಡಿದೆ, ಯಂತ್ರ ನಿರ್ದೋಷಿ. ಆಗಲೂ ಬಾರದೆ ಒಳಗೆ ಮೋಟರಿನ ಸದ್ದು ಮಾತ್ರ ಕೇಳಿದರೆ, ಟ್ರೇಯನ್ನು ಎಳೆಯುವ ಬಳೆಯಂಥ ರಬ್ಬರ್ ಬೆಲ್ಟು ಸಡಿಲವಾಗಿ ಜಾರುತ್ತಿದೆ. ವರ್ಷಗಟ್ಟಲೆ ಬಳಸದೆ ಇಟ್ಟ ಡ್ರೈವುಗಳಿಗೆ ಇದು ಬರುತ್ತದೆ. ಬೆಲ್ಟಿನ ಬೆಲೆ ಅಲ್ಪ. ಬದಲಾಯಿಸುವ ರಿಪೇರಿಯವರು ಸಿಕ್ಕುವುದೇ ದುರ್ಲಭ. ಒಳಗೆ ಸಿಕ್ಕಿಬಿದ್ದ ಸಿ.ಡಿ.ಯನ್ನು ತೆಗೆಯಬೇಕಾದರೆ, ಕಂಪ್ಯೂಟರನ್ನು ಪೂರ್ತಿ ಆರಿಸಿ, ಡ್ರೈವಿನ ಮುಂಭಾಗದ ಸೂಜಿಯಷ್ಟು ಸಣ್ಣ ತೂತಿನಲ್ಲಿ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪನ್ನು ನೇರವಾಗಿ, ಮೆಲ್ಲನೆ ಒತ್ತಿ. ಟ್ರೇ ಸ್ವಲ್ಪ ಮುಂದಕ್ಕೆ ಬರುತ್ತದೆ. ಮಿಕ್ಕದ್ದನ್ನು ಬೆರಳಿನಿಂದ ಎಳೆಯಬಹುದು. ಹಳೆಯ ಡ್ರೈವುಗಳ ಮುಂದೆ ಹೆಡ್‌ಫೋನ್ ಸಿಕ್ಕಿಸುವ ತೂತೂ ಇರುತ್ತದೆ. ಅದು ದೊಡ್ಡದು; ಅದರಲ್ಲಿ ತಂತಿ ತೂರಿಸಿ ಪ್ರಯೋಜನವಿಲ್ಲ.

ದೀಪವೂ ಇಲ್ಲ, ಸದ್ದೂ ಇಲ್ಲ ಎಂದರೆ ಕೇಬಲನ್ನು ನೋಡಬೇಕು. ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತು, ಪೆಟ್ಟಿಗೆಯ (ಇದನ್ನೇ ನಾವೆಲ್ಲ ಸಿ.ಪಿ.ಯು. ಎನ್ನುತ್ತೇವೆ, ಆ ಹೆಸರು ವಾಸ್ತವವಾಗಿ ಒಳಗಿನ ಒಂದು ಬಿಲ್ಲೆಯದು) ಮಗ್ಗುಲನ್ನು ಬಿಚ್ಚಿ. ಡ್ರೈವಿನ ಬೆನ್ನಿಗೆ ಎರಡು ಕೇಬಲ್ಲುಗಳಿರುತ್ತವೆ: ಒಂದು ವಿದ್ಯುತ್ತಿನದು, ಇನ್ನೊಂದು ಮಾಹಿತಿಯದು. ಎರಡನ್ನೂ ಬಿಡಿಸಿ ಮತ್ತೆ ಗಟ್ಟಿಯಾಗಿ ಕೂರಿಸಿ. ಸಾಟಾ ಜಾತಿಯ ಕಿರಿದಾದ ಕೇಬಲ್ ಧೂಳಿಗೂ ಅಲುಗಾಟಕ್ಕೂ ಬೇಗ ಸಡಿಲವಾಗುತ್ತದೆ. ಅಗಲ ಪಟ್ಟಿಯ ಹಳೆಯ ಕೇಬಲ್ ಆದರೆ ಅದರ ಒಂದು ಅಂಚಿನಲ್ಲಿ ಕೆಂಪು ಗೆರೆಯಿರುತ್ತದೆ. ಸಾಮಾನ್ಯವಾಗಿ ಅದು ವಿದ್ಯುತ್ ಕೇಬಲಿನ ಕಡೆಗೆ ಬರಬೇಕು. ಆಮೇಲೆ ಕಂಪ್ಯೂಟರ್ ಹಾಕಿದೊಡನೆ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಬಯಾಸ್ ಪುಟವನ್ನು ತೆರೆಯಿರಿ. ಡ್ರೈವಿನ ಹೆಸರು ಅಲ್ಲಿ ಇಲ್ಲದಿದ್ದರೆ ದೋಷ ಕೇಬಲಿನಲ್ಲೋ ಡ್ರೈವಿನಲ್ಲೋ. ಅಲ್ಲಿ ಹೆಸರಿದ್ದು ವಿಂಡೋಸಿನಲ್ಲಿ ಕಾಣದಿದ್ದರೆ ದೋಷ ತಂತ್ರಾಂಶದ್ದು. ಡಿವೈಸ್ ಮ್ಯಾನೇಜರಿಗೆ ಹೋಗಿ ಡ್ರೈವಿನ ಹೆಸರನ್ನು ತೆಗೆದುಹಾಕಿ ಮತ್ತೆ ಶುರುಮಾಡಿದರೆ ವಿಂಡೋಸ್ ತಾನೇ ಅದನ್ನು ಪುನಃ ಗುರುತಿಸುತ್ತದೆ. ಸಿ.ಡಿ. ಬರೆಯುವ ಹಳೆಯ ತಂತ್ರಾಂಶ ತೆಗೆದುಹಾಕುವಾಗ ಹಿಂದೆ ಉಳಿದ ಅಪ್ಪರ್ ಫಿಲ್ಟರ್ಸ್, ಲೋಯರ್ ಫಿಲ್ಟರ್ಸ್ ಎಂಬ ಎರಡು ಸಾಲುಗಳು ಡ್ರೈವನ್ನು ಮರೆಮಾಡುವುದೂ ಉಂಟು. ಅದನ್ನು ಬಲ್ಲವರ ಕೈಯಲ್ಲಿ ಸರಿಪಡಿಸಿಕೊಳ್ಳಿ.

ಮಸೂರದ ಮೇಲೆ ಧೂಳು ಕೂತಿದ್ದರೆ ಎಲ್ಲ ಸಿ.ಡಿ.ಗಳೂ ತಡವರಿಸುತ್ತವೆ. ಕೆಮ್ಮಣ್ಣಿನ ಊರುಗಳಲ್ಲಿ ಇದು ಹೆಚ್ಚು. ಕ್ಯಾಮೆರಾದವರು ಬಳಸುವ ರಬ್ಬರ್ ಬಲ್ಬಿನಿಂದ ಗಾಳಿ ಊದಿದರೆ ಅರ್ಧ ಗುಣ. ಬಾಯಿಯಿಂದ ಊದಬೇಡಿ, ಎಂಜಲಿನ ತೇವ ಕೂರುತ್ತದೆ. ಮಸೂರ ಕೂದಲೆಳೆಯಂಥ ತಂತಿಗಳ ಮೇಲೆ ತೇಲುತ್ತಿರುತ್ತದೆ. ಆದ್ದರಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿದ ಹತ್ತಿಕಡ್ಡಿಯನ್ನು ತಾಗಿಸುವುದಾದರೂ ರೆಪ್ಪೆಗೆ ಕಾಡಿಗೆ ಹಚ್ಚುವಷ್ಟು ಹಗುರವಾಗಿ ತಾಗಿಸಬೇಕು. ಡ್ರೈವನ್ನು ಬಿಚ್ಚಿಟ್ಟುಕೊಂಡು ವಿದ್ಯುತ್ ಕೊಟ್ಟು ಒಳಗೆ ಇಣುಕುವುದು ಸರ್ವಥಾ ಕೂಡದು. ಆ ಬೆಳಕು ಕಣ್ಣಿಗೆ ಕಾಣದಿದ್ದರೂ ಕಣ್ಣನ್ನು ಕೆಡಿಸಬಲ್ಲದು. ಮಕ್ಕಳಿರುವ ಮನೆಗಳಲ್ಲಿ ಇದನ್ನು ಎರಡು ಸಲ ಹೇಳಬೇಕು.

ಇನ್ನು, ಡ್ರೈವೂ ಸರಿ, ಡಿಸ್ಕೂ ಸರಿ, ಆದರೂ ಚಿತ್ರ ಬರುವುದಿಲ್ಲ ಎಂಬ ದೂರು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಸಿನಿಮಾ ಡಿ.ವಿ.ಡಿ. ತೋರಿಸುವ ಏರ್ಪಾಡು ವಿಂಡೋಸಿನ ಜೊತೆಯಲ್ಲಿ ಬರುವುದಿಲ್ಲ. ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ ಆಯಿತು. ಹೊರದೇಶದಿಂದ ಮಕ್ಕಳು ತಂದ ಡಿ.ವಿ.ಡಿ. ಆದರೆ ಪ್ರಾಂತದ ಸಂಖ್ಯೆಯ ತೊಡಕು: ಭಾರತದ್ದು 5, ಅಮೆರಿಕದ್ದು 1. ಡ್ರೈವಿನಲ್ಲಿ ಈ ಸಂಖ್ಯೆಯನ್ನು ಐದೇ ಸಲ ಬದಲಾಯಿಸಬಹುದು, ಆಮೇಲೆ ಅದು ಕೊನೆಯದಕ್ಕೇ ಬೀಗ ಹಾಕಿಕೊಳ್ಳುತ್ತದೆ. ವಿಡಿಯೋದವರು ರೆಕಾರ್ಡರಿನಲ್ಲಿ ಬರೆದುಕೊಟ್ಟ ಡಿ.ವಿ.ಡಿ.ಯನ್ನು ಫೈನಲೈಸ್ ಮಾಡದೆ ಬಿಟ್ಟಿದ್ದರೆ ಅದು ಬೇರೆ ಯಂತ್ರಗಳಿಗೆ ಖಾಲಿಯಾಗಿಯೇ ಕಾಣಬಹುದು. ಅದೇ ಜಾತಿಯ ರೆಕಾರ್ಡರ್ ಇನ್ನೂ ಇದ್ದರೆ ಅದರಲ್ಲಿ ಹಾಕಿ ಮುಗಿಸಿಕೊಳ್ಳಬೇಕು.

ಡ್ರೈವು ನಿಜವಾಗಿಯೂ ಕೆಟ್ಟಿದ್ದರೆ ರಿಪೇರಿಗೆ ಹೆಚ್ಚು ಹಣ ಸುರಿಯುವುದು ವ್ಯರ್ಥ. ಯು.ಎಸ್.ಬಿ. ಕೇಬಲಿನಿಂದ ಹೊರಗಿನಿಂದಲೇ ಜೋಡಿಸುವ ಡ್ರೈವುಗಳು ಸಿಗುತ್ತವೆ. ಅದನ್ನು ಕಂಪ್ಯೂಟರಿನ ಹಿಂಭಾಗದ ತೂತಿಗೆ ನೇರವಾಗಿ ಸಿಕ್ಕಿಸಿ. ಮಧ್ಯೆ ಹಬ್ ಇಟ್ಟರೆ ವಿದ್ಯುತ್ ಸಾಲದೆ ಅದೂ ತಡವರಿಸೀತು. ಮೂರು ನಾಲ್ಕು ಮನೆಯವರು ಕೂಡಿ ಒಂದನ್ನು ಕೊಂಡರೂ ಸಾಕು. ನೀವು ಅದರಿಂದ ಮಾಡಬೇಕಾದ ಕೆಲಸ ಹೆಚ್ಚೆಂದರೆ ಒಂದು ವಾರದ್ದು.

ಆ ಕೆಲಸವೆಂದರೆ ಪ್ರತಿ ತೆಗೆಯುವುದು. ಓದಿದ ಸಿ.ಡಿ.ಯನ್ನು ನೋಡಿ ಸಂತೋಷಪಟ್ಟು ಮತ್ತೆ ಬೀರುವಿಗೆ ಸೇರಿಸಬೇಡಿ; ಅದು ಮುಂದಿನ ಸಲವೂ ಓದುತ್ತದೆಂಬ ಭರವಸೆಯಿಲ್ಲ. ಓದಿದ ಆ ಹೊತ್ತಿನಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಒಂದು ಸಿ.ಡಿ. ಹೆಚ್ಚೆಂದರೆ 700 ಮೆಗಾಬೈಟ್, ಸಾಮಾನ್ಯ ಡಿ.ವಿ.ಡಿ. 4.7 ಗಿಗಾಬೈಟ್, ಇಂದಿನ ಒಂದು ಪೆನ್‌ಡ್ರೈವಿನಲ್ಲಿ ಇಂಥವು ಎಷ್ಟೋ ಹಿಡಿಯುತ್ತವೆ. ಹಾಡಿನ ಸಿ.ಡಿ. ತಡವರಿಸುತ್ತಿದ್ದರೆ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ಹೋಲಿಸಿ ತೆಗೆಯುತ್ತದೆ. ಕಡತಗಳ ಸಿ.ಡಿ., ಡಿ.ವಿ.ಡಿ.ಗಳಿಗೆ ಡಿಡಿರೆಸ್ಕ್ಯೂ ಎಂಬ ಇನ್ನೊಂದಿದೆ. ಅದು ಸುಲಭವಾಗಿ ಬರುವುದನ್ನೆಲ್ಲ ಮೊದಲು ತೆಗೆದುಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಹಿಂದಿರುಗುತ್ತದೆ. ಎಲ್ಲಿ ಓದಲಾಗಲಿಲ್ಲವೆಂಬ ಪಟ್ಟಿಯನ್ನೂ ಇಡುತ್ತದೆ. ಅದೇ ಪಟ್ಟಿಯನ್ನು ಕೊಟ್ಟು ಅದೇ ಡಿಸ್ಕನ್ನು ಬೇರೊಂದು ಡ್ರೈವಿನಲ್ಲಿ ಓದಿಸಿದರೆ ಬಿಟ್ಟುಹೋದ ಜಾಗಗಳನ್ನು ಮಾತ್ರ ತುಂಬಿಕೊಳ್ಳುತ್ತದೆ. ಮನೆಯ ಕಾಲೇಜು ಹುಡುಗರಿಗೆ ಒಪ್ಪಿಸಬಹುದಾದ ಕೆಲಸ ಇದು.

ಇಳಿಸಿದ್ದನ್ನು ಒಂದೇ ಕಡೆ ಇಡಬೇಡಿ. ಮನೆಯಲ್ಲೊಂದು, ಬೇರೆ ಊರಿನ ಮಗನ ಹತ್ತಿರವೊಂದು ಇರಲಿ. ಕಡತಕ್ಕೆ ಹೆಸರು ಕೊಡುವಾಗ ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಸೇರಿಸಿ. 'ಟ್ರ್ಯಾಕ್ 3' ಎಂದು ಬಿಟ್ಟರೆ ಮೊಮ್ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಮೂಲದ ಸಿ.ಡಿ.ಯನ್ನೂ ಎಸೆಯದೆ ಬಿಸಿಲು ಬೀಳದ ಕಡೆ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಇಂದು ಓದಲಾಗದ ಎರಡು ಹಾಡುಗಳನ್ನು ನಾಳೆ ಇನ್ನಾರದೋ ಮನೆಯ ಡ್ರೈವು ಓದೀತು.